ಸೋಮವಾರದ ಕಾಡಿಗೆ

ಹಾರ್ಮೋನಿಯಂ ಹೊತ್ಕೊಂಡು ಮೆಟ್ರೋ ಹತ್ತಬೇಡಿ. ಅನುಭವದಿಂದ ಹೇಳ್ತಿದೀನಿ. ಬನಶಂಕರಿ ಸ್ಟೇಷನ್ನಿನ ಸ್ಕ್ಯಾನರ್ ಒಳಗೆ ಹೋದ ನನ್ನ ಬೆಡ್‌ಶೀಟ್ ಗಂಟು ಆಚೆ ಬರೋ ಹೊತ್ತಿಗೆ ಸೆಕ್ಯುರಿಟಿಯವರು ಮೂರು ಜನ ಸುತ್ತ ನಿಂತಿದ್ರು. "ಏನ್ ಸಾರ್ ಇದು, ಒಳಗೆಲ್ಲಾ ಸಾಲಾಗಿ ತಗಡು ಜೋಡಿಸಿದೀರ?" ಗಂಟು ಬಿಚ್ಚಿದೆ. "ಹಾರ್ಮೋನಿಯಂ." "ಹೌದಾ, ಹಂಗಾದ್ರೆ ಒಂಚೂರು ನುಡಿಸಿ ನೋಡೋಣ." ತಿದಿ ಒತ್ತಿ ಒಂದು ಬಿಳಿ ಮನೆ ಮೇಲೆ ಬೆರಳಿಟ್ಟೆ. ಉಬ್ಬಸ ಬಂದವರು ಉಸಿರು ಎಳೆಯೋ ಥರ ಬರೀ ಗಾಳಿ ಬಂತು. "ಕೆಟ್ಟೋಗಿದೆ, ರಿಪೇರಿಗೆ ತಗೊಂಡ್ ಹೋಗ್ತಿದೀನಿ" ಅಂದೆ. "ಬಳೇಪೇಟೆಗಾ? ಹೋಗಿ ಹೋಗಿ" ಅಂದ್ರು. ಬಳೇಪೇಟೆ ಅಂದ್ರೆ ಸಾಕು, ಇನ್ನೊಂದು ಪ್ರಶ್ನೆ ಬರಲಿಲ್ಲ.

ಚಿಕ್ಕಪೇಟೆ ಸ್ಟೇಷನ್ನಲ್ಲಿಳಿದು ಮೇಲೆ ಬಂದ್ರೆ ಐದೇ ನಿಮಿಷದ ದಾರಿ. ಗಂಟು ಹೊತ್ತವನಿಗೆ ಹದಿನೈದು. ಕೆಂಪೇಗೌಡರ ಕಾಲದ ಪೇಟೆಗಳ ಸಾಲಲ್ಲಿ ಇದರ ಹೆಸರೂ ಬರುತ್ತೆ. ಹೆಸರಿಗೆ ಬಳೆ, ಆದ್ರೆ ನನ್ನಂಥವರ ಮಟ್ಟಿಗೆ ಬಳೇಪೇಟೆ ಅಂದ್ರೆ ಎರಡೇ. ಒಂದು, ವೀಣೆ, ತಬಲಾ, ಹಾರ್ಮೋನಿಯಂ, ಗಿಟಾರು ಒಂದರ ಪಕ್ಕ ಒಂದು ನೇತಾಡೋ ವಾದ್ಯದಂಗಡಿಗಳು. ಇನ್ನೊಂದು, ಮಕ್ಕಳ ಫ್ಯಾನ್ಸಿ ಡ್ರೆಸ್‌ನಿಂದ ಹಿಡಿದು ಪೌರಾಣಿಕ ನಾಟಕದವರೆಗೆ ಕಿರೀಟ, ಗದೆ, ಗಡ್ಡ, ಜಡೆ ಬಾಡಿಗೆಗೆ ಕೊಡೋ ಅಂಗಡಿಗಳು. ಇವೆರಡೂ ಒಂದೇ ಪೇಟೆಯಲ್ಲಿ ಯಾಕಿವೆ ಅಂತ ನಾನು ಯೋಚಿಸಿದ್ದು ಮೊನ್ನೆ ಶನಿವಾರವೇ.

ರಿಪೇರಿ ಅಂಗಡಿಯವರಿಗೆ ಅಪ್ಪನ ವಯಸ್ಸು. ಕನ್ನಡಕ ಹಣೆ ಮೇಲೇರಿಸಿ ಪೆಟ್ಟಿಗೆಯ ಮುಚ್ಚಳ ತೆಗೆದ್ರು. ಎರಡು ಸತ್ತ ಜಿರಳೆ, ಇಲಿ ಕಡಿದ ಫೆಲ್ಟ್ ಬಟ್ಟೆ, ಒಂದು ಇಪ್ಪತ್ತು ಪೈಸೆ ನಾಣ್ಯ ಬಂತು. ಮನೆಗಳ ಸಂದಿಯಿಂದ ಬ್ರಶ್ಶಿನಲ್ಲಿ ಗುಡಿಸಿದ ಧೂಳಲ್ಲಿ ಏನೋ ಮಿನುಗಿತು. ಅವರು ಅದನ್ನ ಉಗುರಿಗೆ ಅಂಟಿಸ್ಕೊಂಡು ಬೆಳಕಿಗೆ ಹಿಡಿದು ನೋಡಿ, "ಚಮಕಿ. ಡ್ರಾಮಾದ ಪೆಟ್ಟಿಗೆನಾ ಸಾರ್?" ಅಂದ್ರು.

"ಹೌದು."

"ನಿಮ್ಮದಾ?"

"ಅಪ್ಪಂದು."

"ರೀಡು ಹಿತ್ತಾಳೇದು, ಚೆನ್ನಾಗವೆ. ಈಗ ಇಂಥವು ಬರಲ್ಲ. ತಿದಿ ಹೊಸಾದು ಹಾಕ್ಬೇಕು, ನಾಲ್ಕೈದು ರೀಡು ಶ್ರುತಿ ಹೋಗವೆ. ಸಾಯಂಕಾಲ ಐದರ ಮೇಲೆ ಬನ್ನಿ."

ಆಗ ಬೆಳಿಗ್ಗೆ ಹನ್ನೊಂದು. ಜಿಟಿಜಿಟಿ ಮಳೆ. ಮನೆಗೆ ಹೋಗಿ ಬರೋಕೆ ಮನಸ್ಸಾಗ್ಲಿಲ್ಲ. ಒಂದು ಹೋಟೆಲಲ್ಲಿ ದೋಸೆ ತಿಂದೆ, ಎರಡು ಕಾಫಿ ಕುಡಿದೆ. ಆಮೇಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ಸುಮ್ನೆ ಅಲೆದೆ. ಕೇಳ್ತಿದ್ದಿದ್ದು ಏಳು ವರ್ಷ ಹಳೇ ಆಲ್ಬಮ್, ಸ್ವರಾತ್ಮ ಬ್ಯಾಂಡಿನ 'ಟೋಪಿವಾಲೆ'. ಈ ಪೆಟ್ಟಿಗೆಗೂ ಆ ಆಲ್ಬಮ್ಮಿಗೂ ನನ್ನ ಪಾಲಿಗೆ ಒಂದು ಲೆಕ್ಕ ಬಾಕಿ ಇದೆ. ಹಿಂದಿನಿಂದ ಹೇಳ್ಬೇಕು.

ಕುಣಿಗಲ್ ಕಡೆಯ ನಮ್ಮೂರಲ್ಲಿ ಸುಗ್ಗಿ ಮುಗಿದ ಮೇಲೆ 'ಕುರುಕ್ಷೇತ್ರ' ಆಡೋದು ವಾಡಿಕೆ. ಗೊತ್ತಿಲ್ಲದವರಿಗೆ ಹೇಳ್ತೀನಿ, ಇದು ಹವ್ಯಾಸಿ ತಂಡದ ನಾಟಕ ಅಲ್ಲ. ಹಗಲು ರಾಗಿ ತೆನೆ ಬಡಿಯೋರೇ ರಾತ್ರಿ ದುರ್ಯೋಧನ, ಕರ್ಣ, ಶಕುನಿ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಊರಲ್ಲೇ ಉಳಿದು ಕಲಿಸ್ತಾರೆ. ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕೊಟ್ಟು ಪಾತ್ರ ತಗೋಬೇಕು. ದುರ್ಯೋಧನನಿಗೆ ಜಾಸ್ತಿ ರೇಟು, ಯಾಕಂದ್ರೆ ಹಾಡು ಜಾಸ್ತಿ, ವನ್ಸ್ ಮೋರ್ ಜಾಸ್ತಿ. ರಾತ್ರಿ ಹತ್ತಕ್ಕೆ ಶುರುವಾದ್ರೆ ಬೆಳಗಿನ ಆರಕ್ಕೂ ಯುದ್ಧ ಮುಗಿದಿರಲ್ಲ. ಡ್ರೆಸ್ಸು, ಸೀನರಿ, ಮೈಕು ಎಲ್ಲ ಬಾಡಿಗೆ. ಸ್ತ್ರೀ ಪಾತ್ರಕ್ಕೆ ಅಕ್ಕಪಕ್ಕದ ಊರವರು ಹೊರಗಿನಿಂದ ಕಲಾವಿದೆಯರನ್ನ ಕರೆಸೋಕೆ ಶುರುಮಾಡಿ ಎಷ್ಟೋ ವರ್ಷ ಆಗಿತ್ತು. ನಮ್ಮೂರಿಗೆ ಅಷ್ಟು ದುಡ್ಡಿರಲಿಲ್ಲ. ನಮ್ಮ ಅಪ್ಪ ಇದ್ದ.

ಅಪ್ಪ ದ್ರೌಪದಿ. ಇಪ್ಪತ್ತನೇ ವಯಸ್ಸಿಗೆ ಮೊದಲ ಸಲ ಸೀರೆ ಉಟ್ಟವನು ನಲವತ್ತು ದಾಟಿದ ಮೇಲೂ ಅದೇ ಪಾತ್ರ. ತೆಳ್ಳಗಿನ ಆಳು, ಗಂಟಲು ಕಪ್ಪು ಎರಡಕ್ಕೂ ಸಲೀಸಾಗಿ ಏರೋದು. ಮೇಷ್ಟ್ರು ವಯಸ್ಸಾಗಿ ಕಲಿಸೋದು ಬಿಟ್ಟಾಗ ಅವರ ಪೆಟ್ಟಿಗೆಯನ್ನ ಅಪ್ಪನೇ ಕೊಂಡ್ಕೊಂಡ. ನನಗೆ ಸರಿಗಮ ಹೇಳಿಕೊಟ್ಟಿದ್ದು ಆ ಪೆಟ್ಟಿಗೆಯಲ್ಲೇ, ಹಟ್ಟಿಯ ಜಗುಲಿ ಮೇಲೆ. ನಾಟಕದ ರಾತ್ರಿ ಬಣ್ಣದವರು ಅವನ ಮುಖಕ್ಕೆ ಕೊಬ್ಬರಿ ಎಣ್ಣೆ ಸವರಿ, ಸಪೇತ ಬಳಿದು, ಕೆನ್ನೆಗೆ ಕೆಂಪು, ಕಣ್ಣಿಗೆ ಕಾಡಿಗೆ, ರೆಪ್ಪೆ ಮೇಲೆ ಚಮಕಿ ಹಚ್ಚೋದನ್ನ ನಾನು ಪಕ್ಕದಲ್ಲೇ ಕೂತು ನೋಡ್ತಿದ್ದೆ. ಕೊನೆಗೆ ಬಿಚ್ಚಿದ ಮುಡಿಯ ಟೋಪನ್ ಇಡೋರು. ಆಮೇಲೆ ಅಪ್ಪ ನನ್ನ ಕಡೆ ತಿರುಗಿದ್ರೆ ಗುರುತು ಸಿಗ್ತಿರಲಿಲ್ಲ. ಸಂಧಾನಕ್ಕೆ ಹೊರಟ ಕೃಷ್ಣನನ್ನ ತಡೆದು, ಈ ಮುಡಿಗೆ ಏನು ಉತ್ತರ ಹೇಳ್ತೀಯ ಅಂತ ಕೇಳೋ ಸೀನಲ್ಲಿ ಹೆಂಗಸರ ಕಡೆಯಿಂದ ಮೂಗು ಸೊರಸೊರ ಅನ್ನೋ ಸದ್ದು ಸ್ಟೇಜಿಗೆ ಕೇಳೋದು. ಚಿಕ್ಕವನಿದ್ದಾಗ ನನಗೆ ಇದೆಲ್ಲ ಹೆಮ್ಮೆಯೇ. ಸುಳ್ಳು ಹೇಳಬಾರದು.

2000ದಲ್ಲಿ ನಾನು ಹತ್ತನೇ ಕ್ಲಾಸು. ಹೈಸ್ಕೂಲು ಪೇಟೆಯಲ್ಲಿ. ಶನಿವಾರ ರಾತ್ರಿ ನಾಟಕ, ಭಾನುವಾರ ಊರೆಲ್ಲ ನಿದ್ದೆ. ಸೋಮವಾರ ನನ್ನ ಪರೀಕ್ಷೆ ಫೀಸು ಕಟ್ಟೋಕೆ ಅಪ್ಪ ಸ್ಕೂಲಿಗೆ ಬಂದ. ಎಷ್ಟು ಉಜ್ಜಿದ್ರೂ ಆ ಕಾಡಿಗೆ ಎರಡು ಮೂರು ದಿನ ಹೋಗಲ್ಲ. ಬಿಳೀ ಪಂಚೆ, ಬಿಳೀ ಅಂಗಿ, ಕಣ್ಣಂಚಲ್ಲಿ ಕಪ್ಪು. ಕಾರಿಡಾರಲ್ಲಿ ಯಾರೋ ಒಬ್ಬ, "ಲೇ, ದ್ರೌಪದಿ ಬಂದ್ಳು ಕಣ್ರೋ" ಅಂದ. ಕ್ಲಾಸಿಗೆ ಕ್ಲಾಸೇ ಕಿಟಕಿಗೆ ಬಂತು. "ಐದು ಜನದಲ್ಲಿ ಇವನು ಯಾರ ಮಗ?" ಅಂತ ಇನ್ನೊಬ್ಬ. ಅಪ್ಪ ಕೇಳಿಸ್ಕೊಂಡ್ನೋ ಇಲ್ವೋ, ನಕ್ಕೊಂಡು ರಸೀತಿ ನನ್ನ ಕೈಗಿಟ್ಟು ಹೋದ.

ಸಂಜೆ ಮನೆಗೆ ಹೋದವನೇ ಬ್ಯಾಗ್ ಎಸೆದೆ. "ನೀನು ಇನ್ನೊಂದ್ಸಲ ಸೀರೆ ಉಟ್ರೆ ನಾನು ಸ್ಕೂಲಿಗೆ ಹೋಗಲ್ಲ. ಪರೀಕ್ಷೇನೂ ಬರೆಯಲ್ಲ. ಯಾರಾದ್ರೂ ಕೇಳಿದ್ರೆ ನೀನು ನಮ್ಮಪ್ಪ ಅಲ್ಲ ಅಂತೀನಿ." ಹದಿನೈದು ವರ್ಷದ ಬಾಯಿ. ಅವ್ವ ಹೊಡೆಯೋಕೆ ಬಂದ್ಲು. ಅಪ್ಪ ಏನೂ ಅನ್ನಲಿಲ್ಲ. ಹಿತ್ತಲಿಗೆ ಹೋಗಿ ಅಂಗೈಗೆ ಎಣ್ಣೆ ಸುರ್ಕೊಂಡು ಕಣ್ಣು ಉಜ್ಜಿದ. ಕೆಂಪಾಗೋವರೆಗೂ ಉಜ್ಜಿದ. ಮುಂದಿನ ವರ್ಷ ಮೀಟಿಂಗಿಗೆ ಕರೆಯೋಕೆ ಬಂದವರಿಗೆ ಗಂಟಲು ಸರಿಯಿಲ್ಲ ಅಂದ. ಪೆಟ್ಟಿಗೆ ಅಟ್ಟಕ್ಕೆ ಹೋಯ್ತು.

ನಾನು ಬಿಇಗೆ ಸೇರಿದ್ದು 2003ರಲ್ಲಿ. ಹಾಸ್ಟೆಲಲ್ಲಿ ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರದ್ದಕ್ಕೆ ಕೇಬಲ್ ಎಳೆದು ಎಂಪಿತ್ರೀ ಹಂಚ್ಕೊಳ್ತಿದ್ದ ಕಾಲ. ಮೆಟಾಲಿಕಾ, ನಿರ್ವಾಣ ಕೇಳದವನು ಹಳ್ಳಿ ಗುಗ್ಗು ಅಂತ ಲೆಕ್ಕ, ಹಾಗಾಗಿ ನಾನೂ ಕೇಳಿದೆ. 1993ರಲ್ಲಿ ಎಂಟಿವಿಗೆ ನಿರ್ವಾಣ ಹಾಡಿದ ಅನ್‌ಪ್ಲಗ್ಡ್ ಕಾರ್ಯಕ್ರಮ ಇದೆಯಲ್ಲ, ಅದರಲ್ಲಿ 'ದ ಮ್ಯಾನ್ ಹೂ ಸೋಲ್ಡ್ ದ ವರ್ಲ್ಡ್' ಅಂತ ಒಂದು ಹಾಡು. ನಿರ್ವಾಣದವರದ್ದೇ ಅಂದ್ಕೊಂಡಿದ್ದೆ. ಅಲ್ವಂತೆ, ಡೇವಿಡ್ ಬೋವಿಯದ್ದು ಅಂತ ಸೀನಿಯರ್ ಒಬ್ಬ ಹೇಳಿ, ಒಂದು ಫೋಲ್ಡರ್ ಕಳಿಸಿದ. ಹಾಡಿನ ಜೊತೆ ಫೋಟೋಗಳೂ ಇದ್ವು. ಕಿತ್ತಳೆ ಬಣ್ಣದ ಕೂದಲು, ಬಿಳಿಚಿದ ಮುಖ, ಆ ಮುಖದ ಮೇಲೆ ಅಡ್ಡಕ್ಕೆ ಕೆಂಪು ನೀಲಿ ಮಿಂಚು. ರೂಮ್‌ಮೇಟ್ ನೋಡಿ ನಕ್ಕ. "ಇದು ಗಂಡೋ ಹೆಣ್ಣೋ ಮಗಾ?"

ನಾನೂ ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ಸುಮ್ನೆ ನಿಂತಿದ್ದೆ.

ಗ್ಲಾಮ್ ರಾಕ್ ಅಂದ್ರೆ ಏನು ಅಂತ ಕೇಳೋರಿಗೆ ಎರಡೇ ಮಾತು. 1971ರಲ್ಲಿ ಟಿ ರೆಕ್ಸ್ ಬ್ಯಾಂಡಿನ ಮಾರ್ಕ್ ಬೋಲನ್ ಬಿಬಿಸಿಯ 'ಟಾಪ್ ಆಫ್ ದ ಪಾಪ್ಸ್'ಗೆ ಕಣ್ಣಿನ ಕೆಳಗೆ ಚಮಕಿ ಹಚ್ಕೊಂಡು ಬಂದ. ಮಾರನೇ ವರ್ಷ ಬೋವಿ ಜಿಗ್ಗಿ ಸ್ಟಾರ್‌ಡಸ್ಟ್ ಅನ್ನೋ ಒಂದು ಪಾತ್ರ ಕಟ್ಟಿ ಆಲ್ಬಮ್ ಮಾಡಿದ. ಬೇರೆ ಲೋಕದಿಂದ ಬಂದ ರಾಕ್‌ಸ್ಟಾರ್, ಗಂಡೂ ಅಲ್ಲ ಹೆಣ್ಣೂ ಅಲ್ಲ ಅನ್ನೋ ವೇಷ. ಆ ವೇಷಕ್ಕೆ ಅವನು ಕೈಚಾಚಿದ್ದು ಎಲ್ಲಿಗೆ ಅಂದ್ರೆ ಜಪಾನಿನ ಕಬುಕಿಗೆ, ಅಂದ್ರೆ ಗಂಡಸರೇ ಹೆಣ್ಣು ಪಾತ್ರ ಮಾಡೋ ರಂಗಭೂಮಿಗೆ. ಬಟ್ಟೆ ಹೊಲಿದುಕೊಟ್ಟಿದ್ದೂ ಕಾನ್ಸಾಯ್ ಯಮಾಮೊಟೊ ಅನ್ನೋ ಜಪಾನಿಯೇ. 1973ರ ಜುಲೈ 3ರಂದು ಲಂಡನ್ನಿನಲ್ಲಿ ಆ ಪಾತ್ರವನ್ನ ಸ್ಟೇಜ್ ಮೇಲೇ ಮುಗಿಸಿಬಿಟ್ಟ. ತೊಂಬತ್ತರ ದಶಕದಲ್ಲಿ ಅಮೆರಿಕದ ಗ್ರಂಜ್ ಹುಡುಗರು ಚೌಕಳಿ ಅಂಗಿ ಹಾಕ್ಕೊಂಡು, ಬಣ್ಣಗಿಣ್ಣ ಎಲ್ಲ ಸುಳ್ಳು ಅಂದ್ರು. ಆದ್ರೂ ಅದೇ ದಶಕದಲ್ಲಿ ಸ್ವೇಡ್, ಪ್ಲಸೀಬೋ ಥರದ ಆಲ್ಟರ್‌ನೇಟಿವ್ ಬ್ಯಾಂಡುಗಳು ಮತ್ತೆ ಕಾಡಿಗೆ ಡಬ್ಬಿ ತೆಗೆದ್ವು. ಇಷ್ಟೆಲ್ಲ ನನಗೆ ಬಾಯಿಪಾಠ. ಹಾಸ್ಟೆಲಿನಲ್ಲಿ ಜೂನಿಯರುಗಳಿಗೆ ಗಂಟೆಗಟ್ಟಲೆ ಭಾಷಣ ಕೊಡ್ತಿದ್ದೆ. ನಮ್ಮಪ್ಪ ದ್ರೌಪದಿ ಪಾತ್ರ ಮಾಡ್ತಿದ್ದ ಅಂತ ಮಾತ್ರ ನಾಲ್ಕು ವರ್ಷದಲ್ಲಿ ಒಂದು ಸಲಾನೂ ಬಾಯಿಬಿಡಲಿಲ್ಲ.

ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದ ಮೇಲೆ ಇಲ್ಲಿಯ ಬ್ಯಾಂಡುಗಳ ಪರಿಚಯ ಆಯ್ತು. ಸ್ವರಾತ್ಮದವರನ್ನ ಮೊದಲು ನೋಡಿದ್ದು ಯಾವುದೋ ಕಾಲೇಜ್ ಫೆಸ್ಟಲ್ಲಿ. 2009ರಲ್ಲಿ ಅವರ ಮೊದಲ ಆಲ್ಬಮ್ ಬಂದಿತ್ತು, ಬ್ಯಾಂಡಿನ ಹೆಸರೇ ಅದಕ್ಕೂ. ಅದರಲ್ಲಿ 'ಈ ಭೂಮಿ' ಅಂತ ಒಂದು ಕನ್ನಡ ಹಾಡು ಇದ್ದಿದ್ದಕ್ಕೆ ಹೋಗಿದ್ದೆ. ಸ್ಟೇಜ್ ಮೇಲೆ ಎಲ್ಲರೂ ಬಣ್ಣಬಣ್ಣದ ವೇಷ. ಡ್ರಮ್ಸು, ಬಾಸು, ಗಿಟಾರು, ಲೀಡ್ ಗಿಟಾರಿಗೆ ಎದುರು ನಿಲ್ಲೋ ಪಿಟೀಲು. ಅಷ್ಟರಲ್ಲಿ ಗಾಯಕ ವಾಸು ದೀಕ್ಷಿತ್ ಸೊಂಟಕ್ಕೆ ಕುದುರೆ ಕಟ್ಕೊಂಡು ಕುಣೀತಾ ಬಂದ್ರು. ಪಕ್ಕದಲ್ಲಿದ್ದ ಹುಡುಗಿ "ವಾವ್, ಸೋ ಕ್ವರ್ಕಿ" ಅಂದ್ಲು. ನಾನು ಬಾಯಿ ತಪ್ಪಿ "ಕೀಲುಕುದುರೆ!" ಅಂತ ಕೂಗಿಬಿಟ್ಟೆ. ನಮ್ಮ ಜಾತ್ರೆಯಲ್ಲಿ ತೇರಿನ ಮುಂದೆ ಕುಣಿಯೋ ಅದೇ ಕುದುರೆ. ಏಳೆಂಟು ಸಾವಿರ ವ್ಯಾಟ್ ಸೌಂಡಿನ ಮುಂದೆ, ಇಂಗ್ಲಿಷ್ ಮಾತಾಡೋ ಹುಡುಗರ ಮಧ್ಯೆ, ಕಾಸಿಗೂ ನಾಚಿಕೆಯಿಲ್ಲದೆ ಕುಣೀತಿತ್ತು.

ಆಮೇಲೆ ಗೊತ್ತಾಯ್ತು, ವಾಸು ಅವರ ಅಣ್ಣನೇ ರಘು ದೀಕ್ಷಿತ್. ಭರತನಾಟ್ಯ ಕಲಿತವರು, ಅದು ಹೆಣ್ಮಕ್ಕಳದ್ದು ಅಂತ ಕಾಲೇಜಲ್ಲಿ ಗೆಳೆಯನೊಬ್ಬ ಹಂಗಿಸಿದಾಗ ಪಂತ ಕಟ್ಟಿ ಗಿಟಾರ್ ಕಲಿತೆ ಅಂತ ಅವರೇ ಹೇಳ್ಕೊಂಡಿದ್ದಾರೆ. ಲುಂಗಿ, ಕಾಲಿಗೆ ಗೆಜ್ಜೆ ಕಟ್ಕೊಂಡೇ ದೇಶ ಸುತ್ತಿದ್ರು. ಅಂದ್ರೆ ಗೆಜ್ಜೆ ಬಿಡಲಿಲ್ಲ. ಹಂಗಿಸಿದ್ರೆ ಬಿಟ್ಟುಬಿಡಬೇಕು ಅಂತೇನೂ ಇಲ್ವಲ್ಲ. ನಮ್ಮಪ್ಪನಿಗೆ ಹಂಗಿಸಿದ್ದು ಹೊರಗಿನವನಾಗಿದ್ರೆ ಅವನೂ ಬಿಡ್ತಿರಲಿಲ್ವೇನೋ.

'ಟೋಪಿವಾಲೆ' ಬಂದಿದ್ದು 2012ರಲ್ಲಿ, ಬ್ಯಾಂಡಿನ ಎರಡನೇ ಆಲ್ಬಮ್. ಕೋರಮಂಗಲದ ಮಾಲ್ ಒಂದರಲ್ಲಿ ಸಿಡಿ ಕೊಂಡೆ. ದುಡ್ಡು ಕೊಟ್ಟು ಸಿಡಿ ಕೊಂಡಿದ್ದು ಅದೇ ಕೊನೆ ಇರಬೇಕು. ಯಾವ ಅಂಗಡಿಯವರೂ ಇದನ್ನ ಗ್ಲಾಮ್ ಅನ್ನೋ ಚೀಟಿ ಹಚ್ಚಿ ಇಡಲ್ಲ, ಫೋಕ್ ರಾಕ್ ಅಂತಾರೆ. ಸದ್ದಿನ ಲೆಕ್ಕದಲ್ಲಿ ಅದೇ ಸರಿ. ನಾನು ಹೇಳ್ತಿರೋದು ಸದ್ದಿನ ಮಾತಲ್ಲ. ಟೈಟಲ್ ಹಾಡು ರಾಜಕಾರಣಿಗಳ ಗೇಲಿ. ಹಿಂದಿಯಲ್ಲಿ ಟೋಪಿವಾಲ ಅಂದ್ರೆ ಟೋಪಿ ಹಾಕ್ಕೊಂಡವನು, ಕನ್ನಡದ ಕಿವಿಗೆ ಟೋಪಿ ಹಾಕೋನು. ಎರಡೂ ಸರಿಹೋಗುತ್ತೆ. (ಮಾರನೇ ವರ್ಷ ಉಪೇಂದ್ರ ಅವರ 'ಟೋಪಿವಾಲಾ' ಸಿನಿಮಾ ಬಂದಾಗ ನಮ್ಮ ಟೀಮಲ್ಲಿ ಇದಕ್ಕೇ ಒಂದು ವಾರ ಜಗಳ.) 'ಆಜ್ ಕೀ ತಾಜಾ ಫಿಕರ್' ಅನ್ನೋ ಹಾಡು ಖಬರ್ ಅನ್ನೋ ಜಾಗಕ್ಕೆ ಫಿಕರ್ ಹಾಕಿ ದಿನದ ಸುದ್ದಿಯನ್ನ ದಿನದ ಚಿಂತೆ ಮಾಡುತ್ತೆ. ಕುದುರೆ, ಬಣ್ಣ, ನಗು ಎಲ್ಲ ನೋಡಿ ಇದೊಂದು ಜಾತ್ರೆ ಆಲ್ಬಮ್ ಅಂದ್ಕೊಂಡು ಕೂತಿದ್ದೆ. ಆಗ 'ಘುಮ್' ಬಂತು.

ಅದು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಹಾಡು. ಮೊದಲ ಸಲ ಪೂರ್ತಿ ಅರ್ಥ ಆಗ್ಲಿಲ್ಲ, ನನ್ನ ಹಿಂದಿ ಅಷ್ಟಕ್ಕಷ್ಟೇ. ಅರ್ಥ ಆದ ಮೇಲೆ ಸಿಡಿ ನಿಲ್ಲಿಸಿ ಎದ್ದುಹೋದೆ. ಮನೆಯಲ್ಲಿ, ನೆಂಟರ ಮಧ್ಯೆ ಯಾರೂ ಎತ್ತದ ಮಾತು. ಮಾಮೂಲಿ ಪ್ಯಾಂಟು ಶರಟಿನವನು ಎದ್ದು ನಿಂತು ಈ ಮಾತು ಶುರುಮಾಡಿದ್ರೆ ಜನ ಫೋನ್ ನೋಡ್ಕೋತಾರೆ. ಬಣ್ಣ ಹಚ್ಚಿದವನು ಮೊದಲು ನಗಿಸ್ತಾನೆ, ಕುಣಿಸ್ತಾನೆ, ನಾವು ಹತ್ತಿರಕ್ಕೆ ಬಂದ ಮೇಲೆ ಹೇಳ್ತಾನೆ. ನಮ್ಮೂರಲ್ಲಿ ಹೆಂಡತಿಗೆ ಹೊಡೆಯೋ ಗಂಡಸರು ಎಷ್ಟು ಜನ ಇದ್ರು ಅಂತ ನನಗೆ ಗೊತ್ತು. ವರ್ಷಕ್ಕೊಂದು ರಾತ್ರಿ ಅವರೆಲ್ಲ ಮುಂದಿನ ಸಾಲಲ್ಲಿ ಕೂತಿರೋರು. ಎದುರಿಗೆ ನಮ್ಮಪ್ಪ ಮುಡಿ ಬಿಚ್ಕೊಂಡು ನಿಂತು, ಸಭೆಯಲ್ಲಿ ಸುಮ್ನೆ ಕೂತಿದ್ದ ಗಂಡಸರನ್ನ ಒಬ್ಬೊಬ್ಬರ ಹೆಸರು ಹಿಡಿದು ಕೇಳ್ತಿದ್ದ. ಅಪ್ಪನಾಗಿ ಅವನು ಯಾರ ಮನೆ ಜಗಳಕ್ಕೂ ಬಾಯಿ ಹಾಕಿದವನಲ್ಲ. ಹಿಂದೆ ಹೆಂಗಸರು ಸುಮ್ನೆ ಅತ್ತಿದ್ದಲ್ಲ ಅಂತ ನನಗೆ ಹೊಳೆದಿದ್ದು ಮಾರತ್ತಹಳ್ಳಿಯ ಪಿಜಿ ರೂಮಲ್ಲಿ, ಇಪ್ಪತ್ತೇಳನೇ ವಯಸ್ಸಿಗೆ, ಹಿಂದಿ ಹಾಡು ಕೇಳಿ. ತಡ ಆಯ್ತು.

ಅದೇ ವರ್ಷ ಕಂಪನಿಯ ಆ್ಯನ್ಯುಯಲ್ ಡೇಗೆ ನಮ್ಮ ಟೀಮಿನವರದ್ದೊಂದು ಬ್ಯಾಂಡು. ನಾನು ಕೀಬೋರ್ಡು. ಟೈಟಲ್ ಹಾಡನ್ನೇ ಹಿಡಿದ್ವಿ. ವೇಷ ಬೇಡ್ವಾ ಅಂತ ಒಬ್ಬಳು ಬಳೇಪೇಟೆಗೆ ಹೋಗಿ ಪೇಟ, ಜರಿ ಕೋಟು, ಒಂದು ಡಬ್ಬಿ ಚಮಕಿ ತಂದ್ಲು. ನನ್ನ ಕಣ್ಣಿಗೆ ಕಾಡಿಗೆ ಎಳೆದವಳೂ ಅವಳೇ. ಹಾಡು ಸುಮಾರಾಗಿ ಬಂತು, ಎರಡನೇ ಚರಣದಲ್ಲಿ ನಾನು ತಪ್ಪಿದೆ, ಯಾರಿಗೂ ತಿಳೀಲಿಲ್ಲ. ಶನಿವಾರದ ಪ್ರೋಗ್ರಾಮು. ಸೋಮವಾರ ಬೆಳಿಗ್ಗೆ ಸ್ಟ್ಯಾಂಡ್‌ಅಪ್ ಮೀಟಿಂಗಲ್ಲಿ ನಿಂತಿದ್ದೆ. ಮ್ಯಾನೇಜರ್ ನನ್ನ ಮುಖ ನೋಡಿ, ಕಣ್ಣಂಚಿನ ಕಪ್ಪು ತೋರಿಸಿ, "ಸ್ಟಿಲ್ ದ ರಾಕ್‌ಸ್ಟಾರ್, ಹಾಂ?" ಅಂದ್ರು. ಎಲ್ಲರೂ ಚಪ್ಪಾಳೆ ತಟ್ಟಿದ್ರು. ಒಬ್ಬ ಫೋಟೋ ತೆಗೆದ.

ಅದೇ ಕಾಡಿಗೆ. ಅದೇ ಸೋಮವಾರ. ಅಪ್ಪನಿಗೆ ಫೋನ್ ಮಾಡಬೇಕು ಅನ್ನಿಸಿತು. ಮಾಡಿದೆ ಕೂಡ. "ಮಳೆ ಬಂತಾ?" ಅಂತ ಕೇಳಿ ಇಟ್ಟೆ.

ಏಳು ವರ್ಷ ಆಯ್ತು. ಬ್ಯಾಂಡಿನವರು 2018ರಲ್ಲಿ ಮೂರನೇ ಆಲ್ಬಮ್ 'ರಾಹ್-ಎ-ಫಕೀರಾ' ತಂದ್ರು. ನನಗೆ ಮದುವೆ ಆಯ್ತು, ಮಗಳು ಬಂದ್ಲು. ಹೋದ ತಿಂಗಳು ಊರಿನಿಂದ ಒಬ್ಬ ಮಾವ ಫೋನ್ ಮಾಡಿದ್ರು. "ಈ ಸಲ ಹುಡುಗ್ರೆಲ್ಲ ಸೇರಿ ಕುರುಕ್ಷೇತ್ರ ಮಾಡ್ಬೇಕು ಅಂತವ್ರೆ ಕಣಪ್ಪ. ದ್ರೌಪದಿಗೆ ತುಮಕೂರಿಂದ ಆರ್ಟಿಸ್ಟು ಬತ್ತಾರೆ. ನಿಮ್ಮಪ್ಪನ್ನ ಭೀಷ್ಮ ಮಾಡು ಅಂದ್ರೆ, ಮಗನ್ನ ಕೇಳಿ ಹೇಳ್ತೀನಿ ಅಂತವ್ನೆ. ಹತ್ತು ದಿನ ಆಯ್ತು. ನಿನ್ನ ಕೇಳಿದ್ನಾ?"

ಕೇಳಿರಲಿಲ್ಲ. ಅಪ್ಪ ಹೊಲ ಮಾರೋವಾಗ ನನ್ನ ಕೇಳಲಿಲ್ಲ. ಬೋರ್ ಕೊರೆಸೋವಾಗ ಕೇಳಲಿಲ್ಲ. ಇದೊಂದನ್ನ ಕೇಳಬೇಕು ಅಂತ ಹತ್ತೊಂಬತ್ತು ವರ್ಷ ನೆನಪಿಟ್ಕೊಂಡಿದಾನೆ, ಆದ್ರೂ ಬಾಯಿ ಬಂದಿಲ್ಲ. ಆ ವಾರವೇ ಊರಿಗೆ ಹೋದೆ. ಮಾತಾಡೋಕೆ ನನಗೂ ಬಾಯಿ ಬರಲಿಲ್ಲ. ಅಟ್ಟಕ್ಕೆ ಏಣಿ ಹಾಕಿ ಪೆಟ್ಟಿಗೆ ಇಳಿಸಿದೆ. "ಅದ್ಯಾಕ್ಲಾ, ಇಲಿ ತಿಂದಿರ್ತವೆ ಬುಡು" ಅಂದ. ಬೆಡ್‌ಶೀಟಲ್ಲಿ ಕಟ್ಟಿ ಕಾರಿಗೆ ಹಾಕ್ಕೊಂಡೆ.

ಐದು ಗಂಟೆಗೆ ವಾಪಸ್ ಹೋದಾಗ ಅಂಗಡಿಯವರು ಕೊನೇ ರೀಡನ್ನ ಕೆರೀತಿದ್ರು. ನಾನು ಕೇಳದೇ ಇದ್ರೂ ವಿವರಿಸಿದ್ರು. ಹಿತ್ತಾಳೆ ನಾಲಿಗೆಯ ತುದಿ ಕೆರೆದ್ರೆ ಶ್ರುತಿ ಏರುತ್ತೆ, ಬುಡ ಕೆರೆದ್ರೆ ಇಳಿಯುತ್ತೆ. ಎರಡೂ ಕಡೆ ಕೈ ಹಗುರ ಇರಬೇಕು, ಜಾಸ್ತಿ ಕೆರೆದ್ರೆ ಆ ನಾಲಿಗೆ ಹೋಯ್ತು ಅಂತಲೇ. ಜೋಡಿಸಿ, ತಿದಿ ಎಳೆದು, ಎಡಗೈಯಲ್ಲೇ ಒಂದು ಕಂದದ ಧಾಟಿ ನುಡಿಸಿದ್ರು. ನಾಟಕದವರ ಧಾಟಿ. ಆ ಸದ್ದಿಗೆ ಎದುರಂಗಡಿಯಲ್ಲಿ ಒನಕೆ ಓಬವ್ವನ ವೇಷ ಅಳತೆ ನೋಡ್ತಿದ್ದ ಪುಟ್ಟ ಹುಡುಗಿ, ಕೈಲಿ ಥರ್ಮೊಕೋಲ್ ಒನಕೆ ಹಿಡ್ಕೊಂಡೇ ತಿರುಗಿ ನೋಡಿದ್ಲು.

ದುಡ್ಡು ಕೊಟ್ಟೆ. ಎಷ್ಟು ಅಂತ ಇಲ್ಲಿ ಬರೆಯಲ್ಲ, ಅಪ್ಪನಿಗೆ ಅರ್ಧ ಹೇಳಿದೀನಿ. ಅಲ್ಲೇ ಮೆಟ್ಟಿಲ ಮೇಲೆ ಪೆಟ್ಟಿಗೆ ಇಟ್ಕೊಂಡು ಫೋನ್ ಮಾಡಿದೆ.

"ಅಪ್ಪ, ಪೆಟ್ಟಿಗೆ ರೆಡಿ ಆಯ್ತು."

"ಎಷ್ಟ್ ತಗಂಡ?" ಹೇಳಿದೆ. "ಅಷ್ಟೊಂದಾ! ಅದ್ರಲ್ಲಿ ಮೂರ್ನೇ ಬಿಳಿ ಮನೆ ಒತ್ತಿ ನೋಡ್ದಾ? ಅದು ಮೊದ್ಲಿಂದ್ಲೂ ಕೀರಲು."

ಒತ್ತಿ ಫೋನಿನ ಹತ್ತಿರ ಹಿಡಿದೆ. ಅವನು ಕೇಳಿಸ್ಕೊಂಡ. ಏನೂ ಅನ್ನಲಿಲ್ಲ. ಆ ಕಡೆ ಎಲ್ಲೋ ಟ್ರ್ಯಾಕ್ಟರ್ ಹೋದ ಸದ್ದು.

"ಅಪ್ಪ, ಆವತ್ತು ನಾನು ಸ್ಕೂಲಿಂದ ಬಂದು..."

"ಯಾವತ್ತು?"

"ಫೀಸ್ ಕಟ್ಟೋಕೆ ನೀನು ಬಂದಿದ್ಯಲ್ಲ, ಆವತ್ತು ಸಾಯಂಕಾಲ."

"ಊಂ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲ, ನಾಟ್ಕದ್ ದಿವ್ಸ ನಿನ್ ಆಫೀಸ್ನೋರು ಗೀಫೀಸ್ನೋರು ಯಾರಾರಾ ಊರಿಗೆ ಬಂದ್ರೆ?"

"ನಾನೇ ಕರ್ಕೊಂಡ್ ಬರ್ತೀನಿ. ಇಡೀ ಟೀಮು."

"ಹಂಗಾದ್ರೆ ಸರಿ." ಮತ್ತೆ ಸುಮ್ಮನಾದ. "ಬಳೇಪೇಟೇಲೇ ಇದೀಯಾ ಈಗ? ಡ್ರೆಸ್ನೋರು ತರೋ ಭೀಷ್ಮನ ಗಡ್ಡ ಬಲೇ ಕೆರೀತದೆ ಕಣ್ಲಾ. ಹಾಡೋಕೇ ಆಗಾಕಿಲ್ಲ, ಕೂದ್ಲು ಬಾಯಿಗೇ ಬತ್ತದೆ. ನಮ್ಮದೇ ಅಂತ ಒಂದು ಒಳ್ಳೇದು ಸಿಕ್ತದಾ ನೋಡು. ಬಾಡ್ಗೆ ಬ್ಯಾಡ, ಕ್ರಯಕ್ಕೇ ತತ್ತಾ."

ಎದುರಂಗಡಿಗೆ ಹೋದೆ. ಓಬವ್ವ ಆಗ್ಲೇ ಹೋಗಿದ್ಲು. ಅಂಗಡಿಯವನು ನಾಲ್ಕು ಗಡ್ಡ ಕೌಂಟರ್ ಮೇಲೆ ಹರಡಿದ. ಒಂದು ಋಷಿಗಳದ್ದು, ಒಂದು ಸಾಂಟಾ ಕ್ಲಾಸಿಂದು. ಒಂದನ್ನ ಎತ್ಕೊಂಡು ನನ್ನ ಕೆನ್ನೆಗೇ ಉಜ್ಜಿ ನೋಡಿದೆ, ಕೆರೀತಿತ್ತು. ಇನ್ನೊಂದು ಪರವಾಗಿಲ್ಲ.

"ಉದ್ದ ಎಷ್ಟಿರಬೇಕು ಅಪ್ಪ?"

"ಎದೆಮಟ್ಟ" ಅಂದ. "ಕಟ್ಕಂಡ್ ನೋಡು. ನಿಂಗೆ ಸರಿಹೋದ್ರೆ ನಂಗೂ ಸರಿಹೋಯ್ತದೆ."